ರೇಚಲ್ ಕಾರ್ಸನ್: ಹೇಳದೆ ಉಳಿದ ಒಂದು ಮಾತು

ಫಸ್ಟ್ ಇಯರ್‌ನಲ್ಲಿ ಎನ್ವಿರಾನ್‌ಮೆಂಟಲ್ ಸ್ಟಡೀಸ್ ಪೇಪರ್ ಬರೆದವರಿಗೆಲ್ಲ ರೇಚಲ್ ಕಾರ್ಸನ್ ಹೆಸರು ಒಂದು ಸಲವಾದರೂ ಕಣ್ಣಿಗೆ ಬಿದ್ದಿರುತ್ತೆ. 'ಸೈಲೆಂಟ್ ಸ್ಪ್ರಿಂಗ್' ಪುಸ್ತಕ ಬರೆದವರು ಯಾರು ಅನ್ನೋ ಪ್ರಶ್ನೆಗೆ ಇರುವ ನಾಲ್ಕು ಆಪ್ಷನ್‌ಗಳಲ್ಲಿ ಅವರದೂ ಒಂದು. ನಾವೂ ಸರಿಯಾಗಿ ಗುರುತು ಹಾಕಿ, ಒಂದು ಮಾರ್ಕ್ ತಗೊಂಡು, ಹಾಲ್‌ನಿಂದ ಹೊರಗೆ ಬಂದ ತಕ್ಷಣ ಮರೆತುಬಿಟ್ಟಿದ್ದೆವು. ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ಬರೆದ ಅಮೆರಿಕದ ವಿಜ್ಞಾನಿ ಅನ್ನೋದಷ್ಟೇ ನಮ್ಮ ನೋಟ್ಸ್‌ನಲ್ಲಿ ಇದ್ದದ್ದು.

ಆ ಪುಸ್ತಕ ಬರೆಯುವಾಗ ಅವರಿಗೆ ಸ್ತನ ಕ್ಯಾನ್ಸರ್ ಇತ್ತು. ಅದನ್ನು ಮೊದಲು ಅವರ ಡಾಕ್ಟರೇ ಅವರಿಂದ ಮುಚ್ಚಿಟ್ಟರು. ಗೊತ್ತಾದ ಮೇಲೆ ಅವರೇ ಅದನ್ನು ಲೋಕದಿಂದ ಮುಚ್ಚಿಟ್ಟರು. ಇದ್ಯಾವುದೂ ನಮ್ಮ ನೋಟ್ಸ್‌ನಲ್ಲಿ ಇರಲಿಲ್ಲ. ಈ ಸಲದ ರಜೆಯಲ್ಲಿ ಅವರ ಜೀವನದ ಬಗ್ಗೆ ಓದಿದಾಗ ನಮಗೆ ನಮ್ಮ ಮನೆಯದೇ ಒಂದು ವಿಷಯ ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆವು. ಅದನ್ನು ಕೊನೆಗೆ ಹೇಳ್ತೀವಿ. ಮೊದಲು ಕಾರ್ಸನ್ ಕಥೆ.

ಹೊಳೆ ಪಕ್ಕದ ಹುಡುಗಿ

ರೇಚಲ್ ಹುಟ್ಟಿದ್ದು 1907ರ ಮೇ 27ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಪಕ್ಕದಲ್ಲಿ ಅಲೆಘೆನಿ ನದಿ, ಸ್ವಲ್ಪ ದೂರದಲ್ಲಿ ಉಕ್ಕಿನ ಕಾರ್ಖಾನೆಗಳ ಪಿಟ್ಸ್‌ಬರ್ಗ್ ನಗರ. ಮೂರು ಮಕ್ಕಳಲ್ಲಿ ಇವರೇ ಕೊನೆಯವರು. ತಾಯಿ ಮರಿಯಾ ಮದುವೆಗೆ ಮುಂಚೆ ಟೀಚರ್ ಆಗಿದ್ದವರು. ಮಗಳ ಕೈ ಹಿಡಿದುಕೊಂಡು ತೋಟ, ಕಾಡು ಎಲ್ಲ ಸುತ್ತಿಸಿ ಹಕ್ಕಿ, ಹುಳ, ಗಿಡ ತೋರಿಸುತ್ತಿದ್ದರು. ಮನೆಯಲ್ಲಿ ದುಡ್ಡಿಗೆ ತಾಪತ್ರಯ ಇದ್ದರೂ ಓದೋದಕ್ಕೆ ಇರಲಿಲ್ಲ. ಹನ್ನೊಂದನೇ ವಯಸ್ಸಿಗೇ ಮಕ್ಕಳ ಪತ್ರಿಕೆಯೊಂದರಲ್ಲಿ ರೇಚಲ್ ಬರೆದ ಕಥೆ ಅಚ್ಚಾಯಿತು.

ಕಾಲೇಜಿಗೆ ಸೇರಿದ್ದು ಇಂಗ್ಲಿಷ್ ಸಾಹಿತ್ಯ ಓದೋಕೆ. ಅಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಬಯಾಲಜಿ ಮೇಡಮ್ ಪಾಠ ಕೇಳಿ ಮನಸ್ಸು ಬದಲಾಯಿತು. ಆ ಕಾಲದಲ್ಲಿ ಹುಡುಗಿಯರಿಗೆ ವಿಜ್ಞಾನದಲ್ಲಿ ಕೆಲಸ ಸಿಗೋದು ಕಷ್ಟ ಅಂತ ಗೊತ್ತಿದ್ದೂ ಬಯಾಲಜಿಗೆ ಬಂದರು. ನಮ್ಮಲ್ಲಿ ಬ್ರ್ಯಾಂಚ್ ಚೇಂಜ್ ಮಾಡೋಕೆ ಮನೆಯವರೆಲ್ಲ ಕೂತು ಪ್ಲೇಸ್‌ಮೆಂಟ್ ಲೆಕ್ಕ ಹಾಕ್ತಾರೆ. ಇವರು ಪ್ಲೇಸ್‌ಮೆಂಟ್ ಇಲ್ಲದ ಕಡೆಗೇ ಹೋದವರು. 1929ರಲ್ಲಿ ಡಿಗ್ರಿ ಮುಗಿಸಿ, ಆ ಬೇಸಿಗೆಯಲ್ಲಿ ವುಡ್ಸ್ ಹೋಲ್ ಎಂಬ ಕಡೆ ಇರುವ ಸಮುದ್ರ ಜೀವಶಾಸ್ತ್ರದ ಪ್ರಯೋಗಾಲಯಕ್ಕೆ ಹೋದರು. ಚಿಕ್ಕಂದಿನಿಂದ ಪುಸ್ತಕದಲ್ಲಿ ಮಾತ್ರ ನೋಡಿದ್ದ ಸಮುದ್ರವನ್ನು ಕಣ್ಣಾರೆ ನೋಡಿದ್ದು ಆಗಲೇ. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಮಾಸ್ಟರ್ಸ್ ಆಯಿತು.

ಪಿಎಚ್‌ಡಿ ಮಾಡುವ ಆಸೆ ಇತ್ತು, ಆಗಲಿಲ್ಲ. ಅದು ಮಹಾ ಆರ್ಥಿಕ ಕುಸಿತದ ಕಾಲ. 1935ರಲ್ಲಿ ತಂದೆ ತೀರಿಕೊಂಡರು. ಮನೆ ನಡೆಸಬೇಕಾಗಿ ಬಂದು ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ರೇಡಿಯೊ ಕಾರ್ಯಕ್ರಮಗಳಿಗೆ ಸ್ಕ್ರಿಪ್ಟ್ ಬರೆಯುವ ಕೆಲಸ ಹಿಡಿದರು. 1936ರಲ್ಲಿ ಅದೇ ಇಲಾಖೆಯಲ್ಲಿ ಜಲಜೀವಶಾಸ್ತ್ರಜ್ಞೆಯಾಗಿ ಖಾಯಂ ಆದರು. 1937ರಲ್ಲಿ ಅಕ್ಕ ಮೇರಿಯನ್ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರು. ಆ ಮಕ್ಕಳ ಜವಾಬ್ದಾರಿಯೂ ರೇಚಲ್ ಮತ್ತು ತಾಯಿಯ ಮೇಲೆ ಬಿತ್ತು. ರೇಚಲ್‌ಗೆ ಆಗ ಸುಮಾರು ಮೂವತ್ತು ವರ್ಷ.

ಹಗಲು ಆಫೀಸು, ಸಂಜೆ ಮನೆ, ರಾತ್ರಿ ಬರವಣಿಗೆ. 1941ರಲ್ಲಿ ಮೊದಲ ಪುಸ್ತಕ ಬಂತು, ಅದೇ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು, ಪುಸ್ತಕವನ್ನು ಕೇಳೋರಿಲ್ಲದಂತಾಯಿತು. 1951ರಲ್ಲಿ ಬಂದ ಎರಡನೇ ಪುಸ್ತಕ 'ದ ಸೀ ಅರೌಂಡ್ ಅಸ್' 86 ವಾರ ನ್ಯೂಯಾರ್ಕ್ ಟೈಮ್ಸ್ ಬೆಸ್ಟ್ ಸೆಲ್ಲರ್ ಪಟ್ಟಿಯಲ್ಲಿತ್ತು. ನ್ಯಾಷನಲ್ ಬುಕ್ ಅವಾರ್ಡ್ ಕೂಡ ಬಂತು. ಅದಾದ ಮೇಲೆ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಕೂತರು. ಮೇನ್ ರಾಜ್ಯದ ಸಮುದ್ರ ದಂಡೆಯಲ್ಲಿ ಒಂದು ಸಣ್ಣ ಮನೆಯನ್ನೂ ಕಟ್ಟಿಸಿಕೊಂಡರು.

ಆ ಎರಡನೇ ಪುಸ್ತಕ ಬರೋದಕ್ಕೆ ಮುಂಚೆ, 1950ರಲ್ಲಿ ನಡೆದ ಒಂದು ವಿಷಯವನ್ನು ಜೀವನಚರಿತ್ರೆಗಳಲ್ಲಿ ಎರಡೇ ಸಾಲಿನಲ್ಲಿ ದಾಟಿಬಿಡಬಹುದು. ಅವರ ಎಡ ಎದೆಯಲ್ಲಿದ್ದ ಒಂದು ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಕ್ಯಾನ್ಸರ್ ಅಲ್ಲ ಅಂತ ಹೇಳಿ ಮನೆಗೆ ಕಳಿಸಿದರು. ಅವರಿಗಾಗ 43 ವರ್ಷ.

1960ರ ಏಪ್ರಿಲ್

1957ರಲ್ಲಿ ಅವರು ಸಾಕಿದ್ದ ಅಕ್ಕನ ಮಗಳೂ ತೀರಿಕೊಂಡಳು. ಅವಳಿಗೆ ಐದು ವರ್ಷದ ಗಂಡು ಮಗು. ನಮ್ಮ ಕಡೆಯ ಲೆಕ್ಕದಲ್ಲಿ ರೇಚಲ್‌ಗೆ ಅವನು ಮೊಮ್ಮಗ. ಐವತ್ತನೇ ವಯಸ್ಸಿನಲ್ಲಿ ಅವನನ್ನು ದತ್ತು ತಗೊಂಡರು. ವಯಸ್ಸಾದ ತಾಯಿಯನ್ನೂ ಅವರೇ ನೋಡಿಕೊಳ್ಳುತ್ತಿದ್ದರು. 1958ರ ಡಿಸೆಂಬರ್‌ನಲ್ಲಿ ತಾಯಿ ಹೋದರು.

ಅದೇ 1958ರಲ್ಲಿ ಓಲ್ಗಾ ಓವೆನ್ಸ್ ಹಕಿನ್ಸ್ ಎಂಬ ಗೆಳತಿಯಿಂದ ಒಂದು ಪತ್ರ ಬಂತು. ಸೊಳ್ಳೆ ಸಾಯಿಸೋಕೆ ವಿಮಾನದಿಂದ ಡಿಡಿಟಿ ಸಿಂಪಡಿಸಿದ ಮೇಲೆ ತಮ್ಮ ತೋಟದಲ್ಲಿ ಹಕ್ಕಿಗಳು ಸತ್ತು ಬಿದ್ದಿವೆ ಅಂತ ಅವರು ಬರೆದಿದ್ದರು. ಕೀಟನಾಶಕಗಳ ಬಗ್ಗೆ ಕಾರ್ಸನ್‌ಗೆ ಮುಂಚಿನಿಂದಲೂ ಅನುಮಾನ ಇತ್ತು. ಈಗ ಪುಸ್ತಕವನ್ನೇ ಬರೆಯಬೇಕು ಅಂತ ತೀರ್ಮಾನಿಸಿದರು. ನಾಲ್ಕು ವರ್ಷದ ಕೆಲಸ ಅದು. ನೂರಾರು ಸಂಶೋಧನಾ ಪ್ರಬಂಧ ಓದಿ, ವಿಜ್ಞಾನಿಗಳಿಗೆ ಪತ್ರ ಬರೆದು, ಒಂದೊಂದು ಮಾತಿಗೂ ಆಧಾರ ಹುಡುಕಿ ಬರೆದರು. ಕೀಟನಾಶಕಕ್ಕೂ ಕ್ಯಾನ್ಸರ್‌ಗೂ ಇರಬಹುದಾದ ನಂಟಿನ ಬಗ್ಗೆ ಅದರಲ್ಲಿ ಒಂದು ಇಡೀ ಅಧ್ಯಾಯ ಇದೆ.

ಆ ಪುಸ್ತಕ ಅರ್ಧದಲ್ಲಿ ಇರುವಾಗ, 1960ರ ಏಪ್ರಿಲ್‌ನಲ್ಲಿ, ಎಡ ಎದೆಯಲ್ಲಿ ಮತ್ತೆ ಗಡ್ಡೆ ಕಾಣಿಸಿತು. ಆಸ್ಪತ್ರೆಗೆ ಸೇರಿದರು. ಆಗಿನ ಪದ್ಧತಿಯಂತೆ ರ್‍ಯಾಡಿಕಲ್ ಮ್ಯಾಸ್ಟೆಕ್ಟಮಿ ಮಾಡಿದರು. ಅಂದರೆ ಸ್ತನವನ್ನಷ್ಟೇ ಅಲ್ಲ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ತೆಗೆಯುವ ದೊಡ್ಡ ಆಪರೇಷನ್. ಇಷ್ಟು ಮಾಡಿದ ಮೇಲೂ ರೇಚಲ್ ನೇರವಾಗಿ ಕೇಳಿದಾಗ, ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ನ ಹತ್ತಿರಕ್ಕೆ ಬಂದಂಥ ಒಂದು ಸ್ಥಿತಿ ಅನ್ನೋ ಅರ್ಥದ ಉತ್ತರ ಸಿಕ್ಕಿತು. ಬೇರೆ ಚಿಕಿತ್ಸೆ ಏನೂ ಬೇಡ ಅಂದರು. ಇವರು ಮನೆಗೆ ಬಂದು ಮತ್ತೆ ಟೈಪ್‌ರೈಟರ್ ಮುಂದೆ ಕೂತರು.

ನಿಜ ಏನಂದರೆ ಅದು ಕ್ಯಾನ್ಸರೇ ಆಗಿತ್ತು.

ಡಾಕ್ಟರ್ ಯಾಕೆ ಹೀಗೆ ಮಾಡಿದರು ಅಂತ ನಮಗೆ ಓದುವಾಗ ಸಿಟ್ಟೇ ಬಂತು. ಆದರೆ ಆ ಕಾಲದ ರೂಢಿಯೇ ಹಾಗಿತ್ತು. 1961ರಲ್ಲಿ ಚಿಕಾಗೊದ ಇನ್ನೂರಕ್ಕೂ ಹೆಚ್ಚು ಡಾಕ್ಟರುಗಳನ್ನು ಕೇಳಿದ ಒಂದು ಸಮೀಕ್ಷೆ ಇದೆ. ಸುಮಾರು ಶೇ. 90ರಷ್ಟು ಜನ, ಕ್ಯಾನ್ಸರ್ ಇದೆ ಅಂತ ರೋಗಿಗೆ ಹೇಳದೇ ಇರೋದೇ ತಮ್ಮ ಅಭ್ಯಾಸ ಅಂದಿದ್ದರು. ಹೇಳಿದರೆ ಧೈರ್ಯ ಕಳಕೊಳ್ಳುತ್ತಾರೆ ಅನ್ನೋ ಭಯ. ಮದುವೆಯಾದ ಹೆಂಗಸಾದರೆ ಗಂಡನಿಗೆ ಹೇಳುತ್ತಿದ್ದರು. ರೇಚಲ್‌ಗೆ ಗಂಡ ಇರಲಿಲ್ಲ. ಹೀಗಾಗಿ ಯಾರಿಗೂ ಹೇಳಲಿಲ್ಲ.

ಆ ವರ್ಷದ ಕೊನೆಗೆ ಪಕ್ಕೆಲುಬಿನ ಹತ್ತಿರ ಊತ ಕಾಣಿಸಿದಾಗ ಅವರಿಗೆ ಅನುಮಾನ ಬಂತು. ಕ್ಲೀವ್‌ಲ್ಯಾಂಡ್‌ನ ಸರ್ಜನ್ ಜಾರ್ಜ್ ಕ್ರೈಲ್ ಅವರಿಗೆ ಪತ್ರ ಬರೆದರು. ಕ್ರೈಲ್ ಆ ಕಾಲದ ಡಾಕ್ಟರುಗಳಲ್ಲಿ ಬೇರೆ ಥರ. ಅನಗತ್ಯವಾದ ದೊಡ್ಡ ಆಪರೇಷನ್‌ಗಳನ್ನು ವಿರೋಧಿಸುತ್ತಿದ್ದರು, ರೋಗಿಯ ಜೊತೆ ಬಿಚ್ಚಿ ಮಾತಾಡುತ್ತಿದ್ದರು. ಅವರು ಹಳೇ ರಿಪೋರ್ಟುಗಳನ್ನು ತರಿಸಿ ನೋಡಿ ನಿಜ ಹೇಳಿದರು. ಏಪ್ರಿಲ್‌ನಲ್ಲೇ ಕ್ಯಾನ್ಸರ್ ಇತ್ತು. ಈಗ ಹರಡಿದೆ. ರೇಡಿಯೇಷನ್ ಚಿಕಿತ್ಸೆ ಶುರುವಾಯಿತು.

ಏಪ್ರಿಲ್‌ನಿಂದ ಡಿಸೆಂಬರ್ ಅಂದರೆ ಎಂಟು ತಿಂಗಳು. ಆ ಎಂಟು ತಿಂಗಳು ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದರು ಅಂತ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಆದರೆ ಏನು ಮಾಡಬೇಕು ಅಂತ ತಾವೇ ನಿರ್ಧರಿಸುವ ಅವಕಾಶ ಅವರಿಗೆ ಸಿಗಲೇ ಇಲ್ಲ. ರಾಸಾಯನಿಕ ಸಿಂಪಡಿಸುವ ಮುಂಚೆ ಜನರಿಗೆ ನಿಜ ತಿಳಿಸಬೇಕು ಅಂತ ಪುಸ್ತಕ ಬರೆಯುತ್ತಿದ್ದವರಿಗೆ, ಅವರದೇ ದೇಹದ ನಿಜ ತಿಳಿದಿರಲಿಲ್ಲ.

ಗುಟ್ಟು

ಮುಂದಿನ ಎರಡು ವರ್ಷದ ಕಥೆ ಓದಿದರೆ ಇಂಟರ್ನಲ್ಸ್ ಮುಂಚಿನ ದಿನ ತಲೆನೋವು ಅಂತ ಮಲಗುವ ನಮಗೆ ನಾಚಿಕೆ ಆಗುತ್ತೆ. ರೇಡಿಯೇಷನ್‌ನ ಸುಸ್ತು, ಹೊಟ್ಟೆ ಹುಣ್ಣು, ಕೀಲುಗಳಲ್ಲಿ ಸೋಂಕು, ನಡೆಯೋಕಾಗದಂಥ ನೋವು. ಒಂದು ಹಂತದಲ್ಲಿ ಕಣ್ಣಿನ ಉರಿಯೂತದಿಂದ ತಾವು ಬರೆದದ್ದನ್ನು ತಾವೇ ಓದೋಕಾಗದೆ ಸಹಾಯಕಿಯಿಂದ ಓದಿಸಿಕೊಂಡು ತಿದ್ದಿದರು. 1962ರ ಜೂನ್‌ನಲ್ಲಿ 'ದ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ, ಸೆಪ್ಟೆಂಬರ್ 27ರಂದು ಪುಸ್ತಕವಾಗಿ 'ಸೈಲೆಂಟ್ ಸ್ಪ್ರಿಂಗ್' ಹೊರಬಂತು.

ರಾಸಾಯನಿಕ ಉದ್ಯಮದವರು ಮುಗಿಬಿದ್ದರು. ಕೋರ್ಟಿಗೆ ಎಳೆಯುವ ಬೆದರಿಕೆ ಪ್ರಕಾಶಕರಿಗೆ ಬಂತು. ಪಿಎಚ್‌ಡಿ ಇಲ್ಲದವರು, ಮದುವೆಯಾಗದ ಹೆಂಗಸು, ಭಾವುಕರು, ಕಮ್ಯುನಿಸ್ಟ್ ಅಂತೆಲ್ಲ ಆಡಿಕೊಂಡರು. ಅಸಲಿಗೆ ಕೀಟನಾಶಕವನ್ನೇ ಬಳಸಬೇಡಿ ಅಂತ ಆ ಪುಸ್ತಕ ಹೇಳಿರಲಿಲ್ಲ. ಪರಿಣಾಮ ತಿಳಿಯದೆ ಸಿಕ್ಕಸಿಕ್ಕಲ್ಲಿ ಸುರಿಯಬೇಡಿ ಅನ್ನೋದು ಅದರ ವಾದ.

ಈ ಗಲಾಟೆಯ ನಡುವೆ ತಮಗೆ ಕ್ಯಾನ್ಸರ್ ಇದೆ ಅಂತ ಗೊತ್ತಾದರೆ ಏನಾಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕಾಯಿಲೆಯ ಸಿಟ್ಟನ್ನು ಕಂಪನಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಅಂತ ಒಂದೇ ಮಾತಿನಲ್ಲಿ ಇಡೀ ಪುಸ್ತಕವನ್ನು ತಳ್ಳಿಹಾಕುತ್ತಿದ್ದರು. ಅದಕ್ಕೇ ತೀರಾ ಹತ್ತಿರದವರನ್ನು ಬಿಟ್ಟರೆ ಯಾರಿಗೂ ಹೇಳಲಿಲ್ಲ. ಕೂದಲು ಹೋದಾಗ ವಿಗ್ ಹಾಕಿಕೊಂಡರು. ನಡಿಗೆ ನಿಧಾನವಾದಾಗ ಆರ್ಥರೈಟಿಸ್ ಅಂದರು.

1963ರ ಏಪ್ರಿಲ್ 3ರಂದು ಸಿಬಿಎಸ್ ಟಿವಿಯಲ್ಲಿ ಈ ಪುಸ್ತಕದ ಬಗ್ಗೆ ಒಂದು ಗಂಟೆಯ ಕಾರ್ಯಕ್ರಮ ಬಂತು. ಬಿಳಿ ಕೋಟು ಹಾಕಿದ ಕಂಪನಿ ವಿಜ್ಞಾನಿಯೊಬ್ಬರು ಕಾರ್ಸನ್ ಮಾತು ಕೇಳಿದರೆ ಹುಳ, ರೋಗಗಳೇ ಭೂಮಿಯನ್ನು ಆಳುತ್ತವೆ ಎನ್ನುವಂತೆ ಜೋರಾಗಿ ಮಾತಾಡಿದರು. ಕಾರ್ಸನ್ ತಮ್ಮ ಮನೆಯ ಕುರ್ಚಿಯಲ್ಲಿ ಕೂತು ಸಮಾಧಾನವಾಗಿ ಉತ್ತರ ಕೊಟ್ಟರು. ನೋಡಿದವರಿಗೆ ಅವರ ಶಾಂತಿ ಕಂಡಿತು, ಕಾಯಿಲೆ ಕಾಣಲಿಲ್ಲ. ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಕಾರ್ಸನ್ ವಾದವನ್ನು ಹೆಚ್ಚುಕಡಿಮೆ ಎತ್ತಿ ಹಿಡಿಯಿತು. ಜೂನ್ 4ರಂದು ಅವರು ಸೆನೆಟ್ ಸಮಿತಿಯ ಮುಂದೆ ಹೋಗಿ ಸಾಕ್ಷಿ ಹೇಳಿದರು. ಅಷ್ಟು ಹೊತ್ತಿಗೆ ಕ್ಯಾನ್ಸರ್ ಮೂಳೆಗಳಿಗೆ ಹೋಗಿತ್ತು. ಎದುರಿಗೆ ಕೂತಿದ್ದ ಸೆನೆಟರ್‌ಗಳಿಗೆ ಅದರ ಸುಳಿವೂ ಇರಲಿಲ್ಲ.

ಆ ಅಕ್ಟೋಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೊನೆಯ ದೊಡ್ಡ ಭಾಷಣ ಮಾಡಿದರು, ಕೂತುಕೊಂಡೇ. ಮಾರನೇ ದಿನಗಳಲ್ಲಿ ಮ್ಯೂರ್ ವುಡ್ಸ್‌ನ ಎತ್ತರದ ರೆಡ್‌ವುಡ್ ಮರಗಳನ್ನು ವೀಲ್‌ಚೇರ್‌ನಲ್ಲಿ ಕೂತು ನೋಡಿದರು. 1964ರ ಏಪ್ರಿಲ್ 14ರಂದು ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ ತೀರಿಕೊಂಡರು. ವಯಸ್ಸು 56. ದತ್ತು ಮಗನಿಗೆ ಹನ್ನೆರಡು.

1970ರಲ್ಲಿ ಅಮೆರಿಕದಲ್ಲಿ ಪರಿಸರ ಸಂರಕ್ಷಣೆಗೇ ಒಂದು ಸಂಸ್ಥೆ ಬಂತು. 1972ರಲ್ಲಿ ಅಲ್ಲಿನ ಬೇಸಾಯದಲ್ಲಿ ಡಿಡಿಟಿ ನಿಷೇಧವಾಯಿತು. ಇದು ನಮ್ಮ ಸಿಲಬಸ್‌ನಲ್ಲಿದೆ. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ: ಅವರಿಗೆ ಕ್ಯಾನ್ಸರ್ ಬಂದದ್ದು ಕೀಟನಾಶಕದಿಂದ ಅಂತ ಯಾರೂ ಸಾಬೀತು ಮಾಡಿಲ್ಲ, ನಾವೂ ಹಾಗೆ ಹೇಳ್ತಾ ಇಲ್ಲ.

ಅವರಿಗೆ ಸಿಗದ ಯಂತ್ರ

ನಾವು ಎಂಜಿನಿಯರಿಂಗ್‌ನವರು, ಹಾಗಾಗಿ ಓದುವಾಗ ಒಂದು ಪ್ರಶ್ನೆ ಬಂದೇ ಬಂತು. ಗಡ್ಡೆ ಕೈಗೆ ಸಿಗುವ ಮುಂಚೆಯೇ ನೋಡುವ ಯಂತ್ರ ಆಗ ಇರಲಿಲ್ಲವಾ?

ಇತ್ತು, ಆದರೆ ಆಗಷ್ಟೇ ಕಣ್ಣು ಬಿಡುತ್ತಿತ್ತು. 1913ರಲ್ಲೇ ಬರ್ಲಿನ್‌ನ ಸರ್ಜನ್ ಆಲ್ಬರ್ಟ್ ಸಾಲೊಮನ್ ಆಪರೇಷನ್‌ನಲ್ಲಿ ತೆಗೆದ ಸುಮಾರು 3000 ಸ್ತನಗಳ ಎಕ್ಸ್‌ರೇ ತೆಗೆದು, ಕ್ಯಾನ್ಸರ್ ಎಕ್ಸ್‌ರೇಯಲ್ಲಿ ಬೇರೆಯಾಗಿ ಕಾಣುತ್ತೆ ಅಂತ ತೋರಿಸಿದ್ದರು. ತೊಂದರೆ ಏನಂದರೆ ಸ್ತನದಲ್ಲಿ ಮೂಳೆ ಇಲ್ಲ. ಕೊಬ್ಬು, ಗ್ರಂಥಿ, ಗಡ್ಡೆ ಎಲ್ಲವೂ ಮೆತ್ತಗಿನವೇ. ಮಾಮೂಲಿ ಎಕ್ಸ್‌ರೇಯಲ್ಲಿ ಇವುಗಳ ನಡುವೆ ಕಾಂಟ್ರಾಸ್ಟ್ ಸಿಗಲ್ಲ. 1949ರ ಸುಮಾರಿಗೆ ಉರುಗ್ವೆಯ ರೌಲ್ ಲೆಬೋರ್ನ್ ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆದರೆ ಚೆನ್ನಾಗಿ ಬರುತ್ತೆ ಅಂತ ತೋರಿಸಿದರು. 1960ರಲ್ಲಿ ಹೂಸ್ಟನ್‌ನ ರಾಬರ್ಟ್ ಈಗನ್ ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು, ಜೊತೆಗೆ ಇಂಡಸ್ಟ್ರಿಯಲ್ ಎಕ್ಸ್‌ರೇ ಫಿಲ್ಮ್ ಬಳಸಿ ಸ್ಪಷ್ಟ ಚಿತ್ರ ಬರುವ ವಿಧಾನ ಪ್ರಕಟಿಸಿದರು. ಮೆಕ್ಯಾನಿಕಲ್‌ನವರಿಗೆ ಇದು ಇಷ್ಟ ಆಗಬಹುದು. ವೆಲ್ಡಿಂಗ್‌ನಲ್ಲಿ ಬಿರುಕು ಹುಡುಕೋಕೆ ಬಳಸುವಂಥ ಫಿಲ್ಮೇ ಇಲ್ಲೂ ಕೆಲಸಕ್ಕೆ ಬಂತು. 1960ರ ದಶಕದ ಕೊನೆಗೆ ಫ್ರಾನ್ಸ್‌ನಲ್ಲಿ ಇದಕ್ಕೇ ಅಂತ ಯಂತ್ರ ತಯಾರಾಯಿತು. ಟಂಗ್‌ಸ್ಟನ್ ಬದಲು ಮಾಲಿಬ್ಡಿನಮ್ ಟಾರ್ಗೆಟ್. ಅದರಿಂದ ಬರುವ 17ರಿಂದ 20 ಕೆಇವಿ ಮಟ್ಟದ ಮೆದು ಎಕ್ಸ್‌ರೇಗೆ ಕೊಬ್ಬಿಗೂ ಗಡ್ಡೆಗೂ ಇರುವ ಸಣ್ಣ ವ್ಯತ್ಯಾಸ ಸಿಗುತ್ತೆ. ಒತ್ತಿ ಹಿಡಿಯೋದರಿಂದ ದಪ್ಪ ಕಡಿಮೆಯಾಗಿ, ಡೋಸೂ ಕಡಿಮೆ ಸಾಕು. ಈ ಚಿತ್ರಕ್ಕೇ ಮ್ಯಾಮೊಗ್ರಾಮ್ ಅನ್ನೋದು. ಒತ್ತುವಾಗ ಕೆಲವು ಸೆಕೆಂಡ್ ನೋವಾಗುತ್ತೆ, ಅಷ್ಟೇ.

ಆದರೆ ಏನೂ ತೊಂದರೆ ಇಲ್ಲದ ಹೆಂಗಸರನ್ನು ಕರೆದು ನಿಯಮಿತವಾಗಿ ನೋಡಿದರೆ ಸಾವು ಕಡಿಮೆಯಾಗುತ್ತಾ ಅನ್ನೋದು ಬೇರೆಯೇ ಪ್ರಶ್ನೆ. ಅದನ್ನು ಪರೀಕ್ಷಿಸುವ ಮೊದಲ ದೊಡ್ಡ ಪ್ರಯೋಗ ನ್ಯೂಯಾರ್ಕ್‌ನಲ್ಲಿ ಶುರುವಾದದ್ದು 1963ರ ಡಿಸೆಂಬರ್‌ನಲ್ಲಿ, ಅಂದರೆ ಕಾರ್ಸನ್ ಸಾಯುವ ನಾಲ್ಕು ತಿಂಗಳು ಮುಂಚೆ. ಅದರ ಹಿಂದಿದ್ದವರಲ್ಲಿ ಒಬ್ಬರು ಫಿಲಿಪ್ ಸ್ಟ್ರ್ಯಾಕ್ಸ್, ತಮ್ಮ ಹೆಂಡತಿಯನ್ನು ಸ್ತನ ಕ್ಯಾನ್ಸರ್‌ಗೆ ಕಳಕೊಂಡಿದ್ದ ಡಾಕ್ಟರ್. 40ರಿಂದ 64 ವಯಸ್ಸಿನ ಸುಮಾರು 62,000 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮತ್ತು ಡಾಕ್ಟರ್ ಕೈಯಿಂದ ತಪಾಸಣೆಗೆ ಕರೆದರು. ಮುಂದಿನ ವರ್ಷಗಳ ಲೆಕ್ಕದಲ್ಲಿ ತಪಾಸಣೆಗೆ ಕರೆದ ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಕಾಲುಭಾಗ ಕಡಿಮೆ ಇತ್ತು.

ವಯಸ್ಸಾದವರಿಗೇ ಇದು ಯಾಕೆ ಮುಖ್ಯ ಅನ್ನೋದಕ್ಕೆ ಎರಡು ಕಾರಣ. ಒಂದು, ವಯಸ್ಸು ಹೆಚ್ಚಿದಂತೆ ಕಾಯಿಲೆ ಬರುವ ಸಾಧ್ಯತೆಯೂ ಹೆಚ್ಚುತ್ತೆ. ಎರಡು, ವಯಸ್ಸಾದಂತೆ ಸ್ತನದಲ್ಲಿ ಗ್ರಂಥಿ ಕಡಿಮೆಯಾಗಿ ಕೊಬ್ಬು ಜಾಸ್ತಿಯಾಗುತ್ತೆ. ಕೊಬ್ಬು ಎಕ್ಸ್‌ರೇಯಲ್ಲಿ ಕಪ್ಪಗೆ, ಗಡ್ಡೆ ಬೆಳ್ಳಗೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆ ಹುಡುಕೋದು ಸುಲಭ. ನಮ್ಮ ಭಾಷೆಯಲ್ಲಿ ಸಿಗ್ನಲ್ ಟು ನಾಯ್ಸ್ ರೇಷಿಯೊ ಚೆನ್ನಾಗಿರುತ್ತೆ. ಆದರೆ ಅಜ್ಜಿಯರು ಇನ್ನೇನು ವಯಸ್ಸಾಯ್ತಲ್ಲ ಅಂತ ಬಿಟ್ಟುಬಿಡೋದು ಈ ವಯಸ್ಸಲ್ಲೇ.

ಕಾರ್ಸನ್ ಸತ್ತ ಹತ್ತು ವರ್ಷಕ್ಕೆ, 1974ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್‌ಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾಯಿತು. ಅವರು ಮುಚ್ಚಿಡಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಸಾವಿರಾರು ಹೆಂಗಸರು ತಪಾಸಣೆಗೆ ಹೋದರು. ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಾಗಿದ್ದವರ ಪತ್ನಿ ಹ್ಯಾಪಿ ರಾಕ್‌ಫೆಲರ್ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಗಡ್ಡೆ ಕಂಡುಹಿಡಿದುಕೊಂಡದ್ದೂ ಅದೇ ವಾರಗಳಲ್ಲಿ. ಕಾರ್ಸನ್ ಹೇಳಿಕೊಳ್ಳಲಿಲ್ಲ ಅಂತ ನಾವು ತಪ್ಪು ಹೊರಿಸೋಕಾಗಲ್ಲ, ಅವರಿಗೆ ಅವರದೇ ಕಾರಣ ಇತ್ತು. ಆದರೆ ಒಬ್ಬರು ಹೇಳಿಕೊಂಡರೆ ಎಷ್ಟು ಜನಕ್ಕೆ ದಾರಿಯಾಗುತ್ತೆ ಅಂತ ಇದರಿಂದ ಗೊತ್ತಾಗುತ್ತೆ.

ನಮ್ಮ ದೊಡ್ಡಮ್ಮ

ಈಗ ನಮ್ಮ ಮನೆ ವಿಷಯ. ನಮ್ಮ ದೊಡ್ಡಮ್ಮನಿಗೆ 58 ವರ್ಷ. ಯುಗಾದಿ ಹಬ್ಬದ ದಿನ ಎಣ್ಣೆ ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತಂತೆ. ನೋವಿಲ್ಲ, ಹಾಗಾಗಿ ಏನಿಲ್ಲ ಅಂದುಕೊಂಡರು. ಶುರುವಿನಲ್ಲಿ ಇಂಥ ಗಂಟು ಸಾಮಾನ್ಯವಾಗಿ ನೋಯೋದಿಲ್ಲ ಅಂತ ಅವರಿಗೆ ಯಾರು ಹೇಳಬೇಕಿತ್ತು? ಬಾಯಿಬಿಟ್ಟದ್ದು ದೀಪಾವಳಿಗೆ, ಅದೂ ಪಕ್ಕದ ಮನೆಯವರ ಹತ್ತಿರ.

ಆಸ್ಪತ್ರೆಯಲ್ಲಿ ರಿಪೋರ್ಟ್ ಬಂದಾಗ ನಮ್ಮ ಮನೆಯವರೆಲ್ಲ ಸೇರಿ ಡಾಕ್ಟರ್ ಹತ್ತಿರ ಹೋಗಿ, ದಯವಿಟ್ಟು ಅವರಿಗೆ ಹೇಳಬೇಡಿ ಅಂತ ಕೇಳಿಕೊಂಡೆವು. ದೊಡ್ಡಮ್ಮನಿಗೆ ಅದು ನೀರಿನ ಗಂಟು ಅಂದೆವು. ಆ ಸುಳ್ಳನ್ನು ಫೋನಿನಲ್ಲಿ ನಾವೂ ಒಂದು ಸಲ ಹೇಳಿದ್ದೇವೆ. ಆಪರೇಷನ್ ಆಯಿತು. ಮುಂದಿನ ಚಿಕಿತ್ಸೆಗೆ ತಾರೀಖು ಕೊಟ್ಟರು. ಆ ತಾರೀಖಿಗೇ ಅವರ ತವರಿನಲ್ಲಿ ಗೃಹಪ್ರವೇಶ. ನೀರಿನ ಗಂಟಿಗೆ ಇಷ್ಟೆಲ್ಲ ಯಾಕೆ ಅಂತ ದೊಡ್ಡಮ್ಮ ಆಸ್ಪತ್ರೆ ಬಿಟ್ಟು ಗೃಹಪ್ರವೇಶಕ್ಕೆ ಹೊರಟರು. ಅವರದೇನು ತಪ್ಪು? ನಾವು ಹೇಳಿದ್ದನ್ನೇ ನಂಬಿದ್ದರು.

ಆವತ್ತು ರಾತ್ರಿ ಅಪ್ಪ ನಿಜ ಹೇಳಿದರು. ದೊಡ್ಡಮ್ಮ ಅತ್ತರು ಅನ್ನೋದಕ್ಕಿಂತ ಸಿಟ್ಟಾದರು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೇ ದಿನ ಕ್ಯಾಲೆಂಡರ್‌ನಲ್ಲಿ ಚಿಕಿತ್ಸೆಯ ತಾರೀಖುಗಳಿಗೆಲ್ಲ ತಾವೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡರು. ಆಮೇಲೆ ಒಂದನ್ನೂ ತಪ್ಪಿಸಲಿಲ್ಲ. ಈಗ ಚೆನ್ನಾಗಿದ್ದಾರೆ, ಮೂರು ತಿಂಗಳಿಗೊಮ್ಮೆ ತೋರಿಸಿಕೊಂಡು ಬರ್ತಾರೆ.

ಕಾರ್ಸನ್ ಡಾಕ್ಟರ್ ಮೇಲೆ ಬಂದ ಸಿಟ್ಟು ನಮ್ಮ ಮೇಲೂ ಬಂದದ್ದು ಇದಕ್ಕೇ. 1960ರಲ್ಲಿ ಅಮೆರಿಕದಲ್ಲಿ ನಡೆದದ್ದನ್ನು ಈಗ ನಾವೇ, ಪ್ರೀತಿಯಿಂದಲೇ, ಮಾಡಿದ್ದೆವು. ಅಮೆರಿಕದ ಡಾಕ್ಟರುಗಳನ್ನು 1970ರ ದಶಕದ ಕೊನೆಗೆ ಮತ್ತೆ ಕೇಳಿದಾಗ ಶೇ. 97ರಷ್ಟು ಜನ ರೋಗಿಗೆ ಹೇಳೋದೇ ಸರಿ ಅಂದಿದ್ದರು. ಹದಿನೆಂಟೇ ವರ್ಷದಲ್ಲಿ ಇಡೀ ರೂಢಿ ತಿರುಗಿತ್ತು.

ಹಾಗಾದರೆ ಏನು ಮಾಡೋದು

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ಮ್ಯಾಮೊಗ್ರಾಮ್ ಎಲ್ಲ ಊರಲ್ಲೂ ಸಿಗಲ್ಲ, ದುಡ್ಡೂ ಬೇಕು. ಆದರೆ ಯಂತ್ರ ಇಲ್ಲದೆಯೂ ದಾರಿ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. 35ರಿಂದ 64 ವಯಸ್ಸಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರು. ಅವರಲ್ಲಿ ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ತಪಾಸಣೆ ಮಾಡಿದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಪ್ರಕಟವಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಕಡಿಮೆ. 50ಕ್ಕಿಂತ ಕೆಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಂದರೆ ಇಲ್ಲೂ ಲಾಭ ನಮ್ಮ ಅಮ್ಮ, ದೊಡ್ಡಮ್ಮ, ಅಜ್ಜಿಯರ ವಯಸ್ಸಿನವರಿಗೇ.

ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಇಂಥ ಕೈ ತಪಾಸಣೆ ಇದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಬಹುದು. ಮ್ಯಾಮೊಗ್ರಾಮ್ ಮಾಡಿಸುವ ಅನುಕೂಲ ಇದ್ದರೆ, ಅಮೆರಿಕದಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ, ಬ್ರಿಟನ್‌ನಲ್ಲಿ 50 ದಾಟಿದ ಮೇಲೆ ಮೂರು ವರ್ಷಕ್ಕೊಮ್ಮೆ ಅನ್ನೋ ಪದ್ಧತಿ ಇದೆ. ತಮಗೆ ಎಷ್ಟು ವರ್ಷಕ್ಕೊಮ್ಮೆ ಅಂತ ಡಾಕ್ಟರನ್ನು ಕೇಳಿ ನಿರ್ಧರಿಸಬೇಕು. ಮನೆಯಲ್ಲಿ ಅಮ್ಮ, ಅಕ್ಕ, ಅಜ್ಜಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಅದನ್ನೂ ಹೇಳಬೇಕು.

ಇನ್ನೂ ಎರಡು ಮಾತು ಮುಂಚೆಯೇ ಹೇಳಿಬಿಡಬೇಕು, ಇಲ್ಲದಿದ್ದರೆ ನಾವೂ ಮುಚ್ಚಿಟ್ಟ ಹಾಗಾಗುತ್ತೆ. ಮ್ಯಾಮೊಗ್ರಾಮ್ ಆದಮೇಲೆ ಮತ್ತೆ ಬನ್ನಿ ಅಂತ ಕರೆದರೆ ಗಾಬರಿ ಬೇಡ. ಹಾಗೆ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ಲ, ಸ್ಕ್ಯಾನ್ ಅಥವಾ ಬಯಾಪ್ಸಿ ಮಾಡಿ ಖಚಿತ ಮಾಡಿಕೊಳ್ತಾರೆ. ಹಾಗೇ ಒಂದು ಸಲ ಏನೂ ಇಲ್ಲ ಅಂತ ಬಂದರೆ ಅದು ಜೀವಮಾನದ ಸರ್ಟಿಫಿಕೇಟ್ ಅಲ್ಲ. 1950ರಲ್ಲಿ ಕಾರ್ಸನ್‌ಗೂ ಏನೂ ಇಲ್ಲ ಅಂದಿದ್ದರು. ಅದಕ್ಕೇ ತಪಾಸಣೆ ಮತ್ತೆ ಮತ್ತೆ ಆಗಬೇಕು. ನಡುವೆ ಗಂಟು, ಚರ್ಮ ಒಳಕ್ಕೆ ಎಳೆದ ಹಾಗೆ, ತೊಟ್ಟಿನಿಂದ ರಕ್ತ ಏನೇ ಕಂಡರೂ ಮುಂದಿನ ತಾರೀಖಿಗೆ ಕಾಯಬಾರದು.

ಕಷ್ಟ ಇರೋದು ಕೇಳೋದರಲ್ಲಿ. ಅಜ್ಜಿ ಹತ್ತಿರ ಸ್ತನ ಅನ್ನೋ ಪದ ಹೇಳೋಕೆ ನಮಗೇ ನಾಚಿಕೆ. ಕಳೆದ ಭಾನುವಾರ ಹಾಸ್ಟೆಲ್‌ನಲ್ಲಿ ಐದು ಜನ ಸೇರಿ ಒಬ್ಬೊಬ್ಬರೇ ಮನೆಗೆ ಫೋನ್ ಮಾಡಿದೆವು. ಒಬ್ಬರ ಅಮ್ಮ ಹೋದ ವರ್ಷವೇ ಮಾಡಿಸಿಕೊಂಡಿದ್ದೀನಿ ಅಂದರು, ಮಗನಿಗೆ ಗೊತ್ತೇ ಇರಲಿಲ್ಲ. ಒಬ್ಬರ ಅತ್ತೆ ಮಾತು ಬದಲಿಸಿ ಊಟ ಆಯ್ತಾ ಅಂದರು. ಒಬ್ಬರ ಅಜ್ಜಿ ಇಂಥದ್ದೆಲ್ಲ ಕೇಳೋಕೆ ನಿಂಗೇನಾಗಿದೆ ಅಂತ ಬೈದು ಫೋನ್ ಇಟ್ಟರು. ಕಾಲು ಗಂಟೆ ಬಿಟ್ಟು ಅವರೇ ವಾಪಸ್ ಫೋನ್ ಮಾಡಿ, ಆ ತಪಾಸಣೆಗೆ ಉಪವಾಸ ಹೋಗಬೇಕಾ ಅಂತ ಕೇಳಿದರು.

ಬೇಡ ಅಜ್ಜಿ, ತಿಂಡಿ ತಿಂದೇ ಹೋಗಿ ಅಂದೆವು.